ಒಂದು ತಲೆ, ಮೂರು ಶಾಸ್ತ್ರ: ಲ್ಯಾಟಿನ್ ‘ಕಾಪುಟ್’ ನಡೆದು ಬಂದ ದಾರಿ

ಮುಂಗೈಯಲ್ಲಿ ಅಕ್ಕಪಕ್ಕ ಎರಡು ಮೂಳೆಗಳಿವೆ, ರೇಡಿಯಸ್ ಮತ್ತು ಅಲ್ನಾ. ರೇಡಿಯಸ್ಸಿನ ತಲೆ ಮೊಣಕೈ ಕಡೆಗಿದ್ದರೆ ಅಲ್ನಾದ ತಲೆ ಮಣಿಕಟ್ಟಿನ ಕಡೆಗಿದೆ. ವೈದ್ಯಕೀಯ ಕಾಲೇಜಿಗೆ ಆಗಷ್ಟೇ ಸೇರಿದ ವಿದ್ಯಾರ್ಥಿಗಳಲ್ಲಿ ಅನೇಕರು ಇಲ್ಲಿ ಎಡವುತ್ತಾರೆ. ತಲೆ ಎಂದ ಮೇಲೆ ಅದು ಮೇಲ್ತುದಿಯಲ್ಲೇ ಇರಬೇಕು ಎಂದುಕೊಳ್ಳುವುದು ಸಹಜ. ಅಂಗರಚನಾಶಾಸ್ತ್ರಕ್ಕೆ ಆ ಕಟ್ಟಳೆಯಿಲ್ಲ. ಅಲ್ಲಿ ‘ಕಾಪುಟ್’ ಎಂದರೆ ಮೂಳೆಯ ದುಂಡಗಿನ ತುದಿ. ಅದು ಮೇಲಿದ್ದರೂ ಸರಿ, ಕೆಳಗಿದ್ದರೂ ಸರಿ.

ಲ್ಯಾಟಿನ್ ಭಾಷೆಯಲ್ಲಿ ತಲೆಗೆ ಕಾಪುಟ್ ಎನ್ನುತ್ತಾರೆ. ‘ತಲೆಯ’ ಎನ್ನಲು ಕಾಪಿಟಿಸ್. ಎರಡು ಸಾವಿರ ವರ್ಷಗಳಿಂದ ಈ ಪದ ಮೂರು ಶಾಸ್ತ್ರಗಳಲ್ಲಿ ಮೂರು ಕೆಲಸ ಮಾಡುತ್ತ ಬಂದಿದೆ. ಅಂಗರಚನೆಯಲ್ಲಿ ಅದು ಜಾಗವನ್ನು ಗುರುತಿಸುತ್ತದೆ, ವೈದ್ಯದಲ್ಲಿ ಕಣ್ಣಿಗೆ ಕಂಡದ್ದನ್ನು ಹೇಳುತ್ತದೆ, ಕಾನೂನಿನಲ್ಲಿ ಮನುಷ್ಯನನ್ನೇ ಅಳೆಯುತ್ತದೆ. ಮೊದಲೆರಡು ಕಡೆ ಅದು ಓದಿದವರ ಅನುಕೂಲಕ್ಕೆ ಇರುವ ಪರಿಭಾಷೆ. ಮೂರನೆಯ ಕಡೆ ಅದು ಆಸ್ತಿಯನ್ನು, ಅಂತಸ್ತನ್ನು, ಕೆಲವೊಮ್ಮೆ ಜೀವವನ್ನೇ ತೀರ್ಮಾನಿಸುತ್ತದೆ. ಹಾಗಾಗಿ ಈ ಪದಗಳ ಒಳಗನ್ನು ತಿಳಿಯುವುದು ಕೇವಲ ಪಂಡಿತರ ಕುತೂಹಲವಾಗಿ ಉಳಿಯಬಾರದು ಎಂಬುದು ಈ ಲೇಖನದ ನಿಲುವು.

ಮೂಳೆಗೂ ಸ್ನಾಯುವಿಗೂ ತಲೆ

ದೇಹದಲ್ಲಿ ಎಷ್ಟು ತಲೆಗಳಿವೆ ಎಂದು ಅಂಗರಚನೆಯ ಪುಸ್ತಕವನ್ನು ಕೇಳಿದರೆ ಲೆಕ್ಕ ಉದ್ದವಾಗುತ್ತದೆ. ತೋಳಿನ ಮೂಳೆಗೆ ಕಾಪುಟ್ ಹ್ಯೂಮರಿ, ತೊಡೆಯ ಮೂಳೆಗೆ ಕಾಪುಟ್ ಫೆಮೋರಿಸ್, ಪಕ್ಕೆಲುಬಿಗೆ ಕಾಪುಟ್ ಕೋಸ್ಟೆ. ತೋಳಿನ ಮೂಳೆಯ ಕೆಳತುದಿಯಲ್ಲಿ ರೇಡಿಯಸ್ಸಿನ ತಲೆಗೆ ತಾಗುವ ಸಣ್ಣ ಗುಬುಟಿಗೆ ಕ್ಯಾಪಿಟುಲಮ್, ಅಂದರೆ ಪುಟ್ಟ ತಲೆ. ಮಣಿಕಟ್ಟಿನ ಎಂಟು ಮೂಳೆಗಳಲ್ಲಿ ಎಲ್ಲಕ್ಕಿಂತ ದೊಡ್ಡದಕ್ಕೆ ದುಂಡು ತಲೆ ಇರುವುದರಿಂದ ಕ್ಯಾಪಿಟೇಟ್ ಎಂಬ ಹೆಸರು. ಮೇದೋಜ್ಜೀರಕ ಗ್ರಂಥಿಗೂ ತಲೆಯಿದೆ, ಅದು ಸಣ್ಣ ಕರುಳಿನ ಮೊದಲ ಬಾಗಿನೊಳಗೆ ಕೂತಿರುತ್ತದೆ. ಮಿದುಳಿನೊಳಗೆ ಹುದುಗಿರುವ ಕಾಡೇಟ್ ನ್ಯೂಕ್ಲಿಯಸ್‌ಗೆ ತಲೆಯೂ ಇದೆ, ಬಾಲವೂ ಇದೆ. ತಲೆಯೊಳಗೊಂದು ತಲೆ.

ಸ್ನಾಯುವಿನ ವಿಷಯಕ್ಕೆ ಬಂದರೆ ಕಾಪುಟ್ ಎಂಬುದು ಸ್ನಾಯು ಹುಟ್ಟುವ ತುದಿ. ವ್ಯಾಯಾಮಶಾಲೆಗಳಲ್ಲಿ ದಿನವೂ ಕೇಳಿಬರುವ ಬೈಸೆಪ್ಸ್ ಎಂದರೆ ಎರಡು ತಲೆಯದು, ಟ್ರೈಸೆಪ್ಸ್ ಮೂರು ತಲೆಯದು, ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ನಾಲ್ಕು ತಲೆಯದು. ಆ ‘ಸೆಪ್ಸ್’ ಕಾಪುಟ್‌ನ ಸವೆದ ರೂಪವೇ. ಕತ್ತಿನಲ್ಲಿರುವ ಸ್ಪ್ಲೀನಿಯಸ್ ಕಾಪಿಟಿಸ್, ಲಾಂಗಸ್ ಕಾಪಿಟಿಸ್‌ನಂಥ ಹೆಸರುಗಳಲ್ಲಿ ಮಾತ್ರ ಪದ ತನ್ನ ಮೂಲಾರ್ಥಕ್ಕೆ ಮರಳುತ್ತದೆ. ಅವು ನಿಜವಾದ ತಲೆಯನ್ನು ಹಿಡಿದು ತಿರುಗಿಸುವ, ಬಾಗಿಸುವ ಸ್ನಾಯುಗಳು.

ಈ ಹೆಸರಿಡುವಿಕೆಯ ಹಿಂದೆ ಒಂದು ಕ್ರಮವಿದೆ. ತೊಡೆಯ ಮೂಳೆಗೆ ಕಾಪುಟ್, ಕೊಲ್ಲಮ್, ಕಾರ್ಪಸ್ ಎಂದು ಮೂರು ಭಾಗ: ತಲೆ, ಕೊರಳು, ಒಡಲು. ಈ ಕ್ರಮ ಗೊತ್ತಿದ್ದರೆ ರೋಗದ ತರ್ಕವೂ ತಿಳಿಯುತ್ತದೆ. ವಯಸ್ಸಾದವರು ಜಾರಿಬಿದ್ದಾಗ ಆಗಾಗ ಮುರಿಯುವುದು ಈ ಕೊರಳು. ತಲೆಗೆ ಹೋಗುವ ರಕ್ತನಾಳಗಳಲ್ಲಿ ಹೆಚ್ಚಿನವು ಕೊರಳನ್ನು ಬಳಸಿಯೇ ಮೇಲೇರುತ್ತವೆ. ಕೊರಳು ಮುರಿದು ಅವು ಹರಿದರೆ ರಕ್ತವಿಲ್ಲದೆ ತಲೆ ಸಾಯುತ್ತದೆ. ಮುರಿತ ಕೂಡಿಸಿದರೂ ಕೀಲು ಉಳಿಯದೆ, ಕೊನೆಗೆ ಲೋಹದ ತಲೆ ಇಡಬೇಕಾಗುವುದು ಈ ಕಾರಣಕ್ಕೆ.

ಬುರುಡೆಯ ಭೂಗೋಳ

ನಿಜವಾದ ತಲೆಯ ಮೂಳೆಗಳು 22. ಎಂಟು ಮಿದುಳಿಗೆ ಗೂಡಾಗಿವೆ, ಹದಿನಾಲ್ಕು ಮುಖವನ್ನು ಕಟ್ಟಿವೆ. ಇವುಗಳ ಹೆಸರುಗಳಲ್ಲಿ ರೋಮನ್ನರ ದಿನಬಳಕೆಯ ಬದುಕು ತುಂಬಿದೆ. ಪರಾಯಿಟಲ್ ಮೂಳೆಯ ಹೆಸರಿನಲ್ಲಿ ಗೋಡೆಯಿದೆ. ಮೂಗಿನ ನಡುಗೋಡೆಯ ವೋಮರ್ ಎಂದರೆ ನೇಗಿಲ ಗುಳ. ನೆತ್ತಿಯ ಚರ್ಮದಡಿ ಹರಡಿರುವ ಗಟ್ಟಿ ಪೊರೆಗೆ ಗಾಲಿಯಾ ಎಂದು ಹೆಸರು, ಅದು ರೋಮನ್ ಸೈನಿಕನ ಶಿರಸ್ತ್ರಾಣ. ಬುರುಡೆಯ ಮೇಲ್ಭಾಗದ ಕಲ್ವೇರಿಯಾ, ಬೋಳು ಎಂಬ ಅರ್ಥದ ಪದದ ಸಂಬಂಧಿ. ಹಿಂದಲೆ ಆಕ್ಸಿಪಟ್, ಮುಂದಲೆ ಸಿನ್ಸಿಪಟ್. ಎರಡರಲ್ಲೂ ಕಾಪುಟ್ ಅಡಗಿದೆ. ಹೆರಿಗೆ ಕೋಣೆಯಲ್ಲಿ ಮಗುವಿನ ತಲೆ ಯಾವ ಕಡೆಗೆ ತಿರುಗಿದೆ ಎಂದು ವೈದ್ಯರು ಬರೆದುಕೊಳ್ಳುವುದು ಆಕ್ಸಿಪಟ್ ಎಲ್ಲಿದೆ ಎಂಬುದರ ಮೇಲೆ. ಹಸುಗೂಸಿನ ನೆತ್ತಿಯಲ್ಲಿ ಮಿಡಿಯುವ ಮೆದುಜಾಗಕ್ಕೆ ಫಾಂಟಿಕ್ಯುಲಸ್, ಅಂದರೆ ಪುಟ್ಟ ಒರತೆ.

ಲ್ಯಾಟಿನ್ನಿನ ಜೊತೆಗೆ ಗ್ರೀಕ್ ಕೂಡ ಇಲ್ಲಿ ಬೆರೆತಿದೆ. ರೋಮ್‌ನಲ್ಲಿ ಹೆಸರು ಮಾಡಿದ ವೈದ್ಯರಲ್ಲಿ ಅನೇಕರು ಗ್ರೀಕರು. ಕ್ರಿ.ಶ. 2ನೇ ಶತಮಾನದ ಗ್ಯಾಲೆನ್ ಬರೆದದ್ದು ಗ್ರೀಕ್‌ನಲ್ಲಿ. ಅದಕ್ಕೂ ಮೊದಲು, 1ನೇ ಶತಮಾನದಲ್ಲಿ, ಸೆಲ್ಸಸ್ ಎಂಬಾತ ಲ್ಯಾಟಿನ್‌ನಲ್ಲಿ ವೈದ್ಯಗ್ರಂಥ ಬರೆದು ಅನೇಕ ಪದಗಳನ್ನು ನೆಲೆಗೊಳಿಸಿದ. ಹೀಗೆ ಎರಡು ಕಾಲುವೆಗಳು ಒಟ್ಟಿಗೆ ಹರಿದವು. ಸ್ಥೂಲವಾಗಿ ಹೇಳುವುದಾದರೆ, ಅಂಗದ ಹೆಸರಿಗೆ ಲ್ಯಾಟಿನ್, ಕಾಯಿಲೆಯ ಹೆಸರಿಗೆ ಗ್ರೀಕ್. ಗ್ರೀಕ್‌ನಲ್ಲಿ ತಲೆಗೆ ಕೆಫಲೆ. ತಲೆಯಲ್ಲಿ ನೀರು ತುಂಬುವ ಹೈಡ್ರೋಕೆಫಲಸ್, ಮಿದುಳಿನ ಉರಿಯೂತವಾದ ಎನ್ಸೆಫಲೈಟಿಸ್ ಹುಟ್ಟಿದ್ದು ಅಲ್ಲಿಂದ. ಅರೆದಲೆನೋವಿನ ಮೈಗ್ರೇನ್ ಎಂಬ ಹೆಸರು ಅರ್ಧ ಬುರುಡೆ ಎಂಬರ್ಥದ ಗ್ರೀಕ್ ಪದ ಲ್ಯಾಟಿನ್, ಫ್ರೆಂಚ್‌ಗಳ ಬಾಯಲ್ಲಿ ಸವೆದು ಉಳಿದದ್ದು.

ಮೂರನೆಯ ಕಾಲುವೆಯೊಂದೂ ಇದೆ, ಅರಬ್ಬಿಯದು. ಮಿದುಳಿನ ಹೊರಪೊರೆಗೆ ಡ್ಯೂರಾ ಮೇಟರ್, ಒಳಪೊರೆಗೆ ಪಿಯಾ ಮೇಟರ್ ಎನ್ನುತ್ತೇವೆ. ಮೇಟರ್ ಎಂದರೆ ತಾಯಿ. ಪೊರೆ ತಾಯಿಯಾದದ್ದು ಹೇಗೆ? 10ನೇ ಶತಮಾನದ ವೈದ್ಯ ಅಲ್ ಮಜೂಸಿಯ ಅರಬ್ಬಿ ಗ್ರಂಥದಲ್ಲಿ ಆ ಪೊರೆಗಳನ್ನು ‘ಉಮ್ಮ್’, ಅಂದರೆ ತಾಯಿ, ಎಂದು ಕರೆಯಲಾಗಿತ್ತು. ಅಂಟಿಯೋಕ್‌ನ ಸ್ಟೀಫನ್ 1127ರಲ್ಲಿ ಅದನ್ನು ಲ್ಯಾಟಿನ್‌ಗೆ ತಂದಾಗ ಪದವನ್ನು ಇದ್ದಂತೆಯೇ ಇಳಿಸಿದ. ಇಂದಿನ ನರಶಸ್ತ್ರವೈದ್ಯರು ಪ್ರತಿದಿನ ಕೊಯ್ಯುವ, ಹೊಲಿಯುವ ಪೊರೆಯ ಹೆಸರಿನಲ್ಲಿ ಬಾಗ್ದಾದಿನ ಕಡೆಯ ವಿದ್ಯೆಯ ನೆನಪಿದೆ. ಪಾಶ್ಚಾತ್ಯ ವೈದ್ಯವನ್ನು ಒಂದೇ ಬೇರಿನ ಮರವೆಂದು ತಿಳಿದವರಿಗೆ ಇದೊಂದು ಉದಾಹರಣೆಯೇ ಸಾಕು.

1543ರಲ್ಲಿ ಅಂಗರಚನಾಶಾಸ್ತ್ರಜ್ಞ ವೆಸಾಲಿಯಸ್ ತನ್ನ ಮಹಾಗ್ರಂಥವನ್ನು ಲ್ಯಾಟಿನ್‌ನಲ್ಲಿ ಪ್ರಕಟಿಸಿದ ಮೇಲೆ ಹೆಸರುಗಳು ಬೆಳೆಯುತ್ತಲೇ ಹೋದವು. ಒಂದೇ ಅಂಗಕ್ಕೆ ಊರಿಗೊಂದು, ಗುರುವಿಗೊಂದು ಹೆಸರು. 19ನೇ ಶತಮಾನದ ಕೊನೆಗೆ ಚಾಲ್ತಿಯಲ್ಲಿದ್ದ ಹೆಸರುಗಳು ಸುಮಾರು 50,000 ಎಂದು ಅಂದಾಜು. 1895ರಲ್ಲಿ ಬಾಸೆಲ್‌ನಲ್ಲಿ ಒಪ್ಪಿಕೊಂಡ ಪಟ್ಟಿ ಅದನ್ನು ಸುಮಾರು 5,000ಕ್ಕೆ ಇಳಿಸಿತು. ಆ ಪಟ್ಟಿಯ ಇಂದಿನ ವಾರಸುದಾರ 1998ರಲ್ಲಿ ಮೊದಲು ಬಂದ ಟರ್ಮಿನೋಲೋಜಿಯಾ ಅನಟೋಮಿಕಾ. ಯಾರೂ ಮನೆಮಾತಾಗಿ ಆಡದ ಭಾಷೆಯಾದ್ದರಿಂದ ಲ್ಯಾಟಿನ್ ಇಲ್ಲಿ ಉಪಕಾರಿಯಾಯಿತು. ಆಡುಮಾತಿನ ಪದಗಳ ಅರ್ಥ ತಲೆಮಾರಿನಿಂದ ತಲೆಮಾರಿಗೆ ಜಾರುತ್ತದೆ. ಕಾಪುಟ್ ಫೆಮೋರಿಸ್‌ನ ಅರ್ಥ ಜಾರುವುದಿಲ್ಲ.

ಆದರೂ ಬಲೆಗಳಿವೆ. ಮೆಂಟಮ್ ಎಂದರೆ ಗಲ್ಲ, ಮೆನ್ಸ್ ಎಂದರೆ ಮನಸ್ಸು. ಇಂಗ್ಲಿಷಿನಲ್ಲಿ ಎರಡರಿಂದಲೂ ‘ಮೆಂಟಲ್’ ಎಂಬ ಒಂದೇ ವಿಶೇಷಣ ಬಂದಿದೆ. ದಂತವೈದ್ಯರು ಮರಗಟ್ಟಿಸುವ ಮೆಂಟಲ್ ನರಕ್ಕೂ ಮನಸ್ಸಿಗೂ ಸಂಬಂಧವಿಲ್ಲ, ಅದು ಗಲ್ಲದ ನರ. ಡಿಮೆನ್ಷಿಯಾದಲ್ಲಿರುವುದು ಮನಸ್ಸು. ಕಾನೂನಿನ ಮೆನ್ಸ್ ರಿಯಾದಲ್ಲೂ, ಉಯಿಲು ಬರೆದವರ ಚಿತ್ತಸ್ವಾಸ್ಥ್ಯವನ್ನು ಹೇಳುವ ಕಾಂಪೋಸ್ ಮೆಂಟಿಸ್‌ನಲ್ಲೂ ಇರುವುದು ಅದೇ ಮನಸ್ಸು.

ಹಾಸಿಗೆಯ ಪಕ್ಕದಲ್ಲಿ

ರೋಗಿಯ ಹತ್ತಿರ ಬಂದಾಗ ಲ್ಯಾಟಿನ್ ತಲೆ ಬೇರೆ ಗುಣ ಪಡೆಯುತ್ತದೆ. ಇಲ್ಲಿ ಅದು ನೋಟವನ್ನು ಹಿಡಿದಿಡುತ್ತದೆ.

ಹೆರಿಗೆಯಲ್ಲಿ ತಲೆ ಮೊದಲಾಗಿ ಇಳಿದು ಬಂದ ಕೂಸಿನ ನೆತ್ತಿ ಕೆಲವೊಮ್ಮೆ ಊದಿಕೊಂಡಿರುತ್ತದೆ. ಅದು ಕಾಪುಟ್ ಸಕ್ಸಿಡೇನಿಯಮ್. ಗರ್ಭದ್ವಾರದ ಒತ್ತಡಕ್ಕೆ ಚರ್ಮದಡಿ ನೀರು ಸೇರಿ ಆದ ಬಾವು. ಹುಟ್ಟುವಾಗಲೇ ಇರುತ್ತದೆ, ಮೂಳೆಗಳ ಬೆಸುಗೆಯ ಗೆರೆಯನ್ನು ದಾಟಿ ಹರಡಿರುತ್ತದೆ, ಕೆಲವು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಗ್ರೀಕ್ ಹೆಸರಿನ ಕೆಫಲ್‌ಹಿಮಟೋಮಾ ನೋಡಲು ಹಾಗೆಯೇ ಕಂಡರೂ ಬೇರೆ. ಅಲ್ಲಿ ಮೂಳೆಗೂ ಅದರ ಪೊರೆಗೂ ನಡುವೆ ರಕ್ತ ನಿಂತಿರುತ್ತದೆ, ಬೆಸುಗೆ ಗೆರೆಯನ್ನು ದಾಟುವುದಿಲ್ಲ, ಕರಗಲು ವಾರಗಳೇ ಬೇಕು, ಕಾಮಾಲೆಗೂ ದಾರಿಯಾಗಬಹುದು. ಮೂರನೆಯದು ಗಾಲಿಯಾ ಪೊರೆಯ ಕೆಳಗಿನ ರಕ್ತಸ್ರಾವ. ಆ ಜಾಗ ಇಡೀ ತಲೆಗೆ ಹರಡಿಕೊಂಡಿರುವುದರಿಂದ ಕೂಸಿನ ಮೈಯ ರಕ್ತದಲ್ಲಿ ಬಹುಪಾಲು ಅಲ್ಲಿ ಸೇರಿಹೋಗಬಹುದು. ಇದು ಜೀವಕ್ಕೆ ಅಪಾಯ. ಹೊರಗಿನಿಂದ ಒಂದೇ ರೀತಿ ಕಾಣುವ ಮೂರು ಊತಗಳಿಗೆ ಮೂರು ಹೆಸರಿರುವುದು ಪಾಂಡಿತ್ಯ ಪ್ರದರ್ಶನಕ್ಕಲ್ಲ. ತಾಯಿಗೆ ಧೈರ್ಯ ಹೇಳಿ ಮನೆಗೆ ಕಳಿಸಬೇಕೋ, ಕೂಸನ್ನು ತುರ್ತು ಘಟಕಕ್ಕೆ ಒಯ್ಯಬೇಕೋ ಎಂಬುದು ಆ ಹೆಸರಿನ ಮೇಲೆ ನಿಂತಿದೆ.

ಕಾಪುಟ್ ಮೆಡೂಸೆ ಇನ್ನೊಂದು. ಗ್ರೀಕ್ ಪುರಾಣದ ಮೆಡೂಸಾಳ ತಲೆಯಲ್ಲಿ ಕೂದಲ ಬದಲು ಹಾವುಗಳು. ಯಕೃತ್ತು ಗಟ್ಟಿಯಾಗಿ ಕುಗ್ಗಿದಾಗ ಕರುಳಿನಿಂದ ಬರುವ ರಕ್ತಕ್ಕೆ ದಾರಿ ಕಟ್ಟುತ್ತದೆ. ಆಗ ಅದು ಹೊಕ್ಕುಳ ಸುತ್ತಲಿನ ಸಿರೆಗಳನ್ನು ಹಿಡಿಯುತ್ತದೆ. ಅವು ಉಬ್ಬಿ ಹೊಟ್ಟೆಯ ಮೇಲೆ ಹಾವಿನಂತೆ ಹರಡುತ್ತವೆ. ಹೆಸರು ತಲೆಯದು, ಜಾಗ ಹೊಟ್ಟೆಯದು, ಕಾಯಿಲೆ ಯಕೃತ್ತಿನದು. ಸ್ಕ್ಯಾನಿಂಗ್ ಯಂತ್ರಗಳಿಲ್ಲದ ಕಾಲದ ವೈದ್ಯರು ಕಣ್ಣನ್ನೇ ಯಂತ್ರ ಮಾಡಿಕೊಂಡಿದ್ದರು ಎಂಬುದಕ್ಕೆ ಈ ಹೆಸರು ಸಾಕ್ಷಿ. ಹೊಸ ಯಂತ್ರಗಳು ಬಂದ ಮೇಲೂ ಅದು ಹೋಗಲಿಲ್ಲ. ಮಿದುಳಿನ ಒಂದು ಬಗೆಯ ಸಿರೆಗಳ ಗೊಂಚಲು ಎಂಆರ್‌ಐ ಚಿತ್ರದಲ್ಲಿ ಹಾಗೆಯೇ ಕಂಡಾಗ ವಿಕಿರಣತಜ್ಞರು ಅದೇ ಹೆಸರನ್ನು ಮತ್ತೆ ಬಳಸಿದರು.

ಚರ್ಮರೋಗದಲ್ಲಿ ಕಾಪಿಟಿಸ್ ಬರಿಯ ವಿಳಾಸ. ಟೀನಿಯಾ ಕಾಪಿಟಿಸ್ ಎಂದರೆ ತಲೆಯ ಹುಳುಕಡ್ಡಿ, ಪೆಡಿಕ್ಯುಲೋಸಿಸ್ ಕಾಪಿಟಿಸ್ ಎಂದರೆ ತಲೆಹೇನಿನ ಕಾಟ. ಈ ವಿಳಾಸಕ್ಕೂ ಬೆಲೆಯಿದೆ. ಮೈಯ ಮೇಲಿನ ಹುಳುಕಡ್ಡಿಗೆ ಹೆಚ್ಚಾಗಿ ಮುಲಾಮು ಸಾಕು. ತಲೆಯದಕ್ಕೆ ಸಾಲದು, ಶಿಲೀಂಧ್ರ ಕೂದಲಿನ ಬುಡಕ್ಕೆ ಇಳಿದಿರುವುದರಿಂದ ಮಾತ್ರೆ ನುಂಗಲೇಬೇಕು.

ತಲೆಯ ಮುಂಭಾಗವಾದ ಮುಖ, ಲ್ಯಾಟಿನ್ನಿನ ಫೇಸೀಸ್, ಮೂರು ಶಾಸ್ತ್ರಗಳನ್ನೂ ಸರಾಗವಾಗಿ ದಾಟುತ್ತದೆ. ಅಂಗರಚನೆಯಲ್ಲಿ ಅದು ಯಾವುದೇ ಮೂಳೆಯ ಮೇಲ್ಮೈ. ವೈದ್ಯದಲ್ಲಿ ರೋಗ ಬರೆದ ಮುಖಚಹರೆ: ಸಾವು ಹತ್ತಿರವಾದಾಗಿನ ಹಿಪೊಕ್ರಾಟಿಕ್ ಮುಖ, ಕುಷ್ಠ ಉಲ್ಬಣಿಸಿದಾಗಿನ ಸಿಂಹಮುಖ. ಕಾನೂನಿನಲ್ಲಿ ಅದೇ ಪ್ರೈಮಾ ಫೇಸಿ, ಮೇಲ್ನೋಟಕ್ಕೆ ಕಂಡ ಸತ್ಯ. ವೈದ್ಯರಾಗಲಿ ನ್ಯಾಯಾಧೀಶರಾಗಲಿ ಮುಖ ನೋಡಿ ಶುರು ಮಾಡುತ್ತಾರೆ, ಅಲ್ಲಿಗೇ ನಿಲ್ಲುವಂತಿಲ್ಲ.

ರೋಮ್‌ನಲ್ಲಿ ತಲೆಯಿಲ್ಲದವರು

ಕಾನೂನಿಗೆ ಬಂದಾಗ ದನಿ ಬದಲಾಗುತ್ತದೆ. ರೋಮನ್ ಕಾನೂನಿನಲ್ಲಿ ಕಾಪುಟ್ ಎಂದರೆ ಸಮಾಜದಲ್ಲಿ ವ್ಯಕ್ತಿಗಿದ್ದ ಸ್ಥಾನ. ಅದಕ್ಕೆ ಮೂರು ಆಧಾರ: ಸ್ವಾತಂತ್ರ್ಯ, ಪೌರತ್ವ, ಕುಟುಂಬ. ಇವುಗಳ ನಷ್ಟಕ್ಕೆ ಕಾಪಿಟಿಸ್ ಡೆಮಿನ್ಯೂಟಿಯೋ ಎಂದು ಹೆಸರು, ತಲೆ ತಗ್ಗುವುದು. 2ನೇ ಶತಮಾನದ ಕಾನೂನು ಪಂಡಿತ ಗಾಯಸ್ ತನ್ನ ಪಠ್ಯದಲ್ಲಿ ಇದರ ಮೂರು ಹಂತಗಳನ್ನು ವಿವರಿಸಿದ. ಗುಲಾಮಗಿರಿಗೆ ಬಿದ್ದವನು ಮೂರನ್ನೂ ಕಳೆದುಕೊಳ್ಳುತ್ತಿದ್ದ. ಗಡೀಪಾರಾದವನಿಗೆ ಸ್ವಾತಂತ್ರ್ಯ ಉಳಿದು ಪೌರತ್ವ, ಕುಟುಂಬ ಹೋಗುತ್ತಿದ್ದವು. ದತ್ತು ಹೋದವನಿಗೆ ಕುಟುಂಬವಷ್ಟೇ ಬದಲಾಗುತ್ತಿತ್ತು.

ಈ ಲೆಕ್ಕದ ಕ್ರೌರ್ಯ 533ರಲ್ಲಿ ಜಸ್ಟಿನಿಯನ್ ಚಕ್ರವರ್ತಿ ಹೊರತಂದ ಕಾನೂನು ಪಠ್ಯದಲ್ಲಿ ನೇರವಾಗಿ ಕಾಣುತ್ತದೆ. ಬಿಡುಗಡೆಯಾದ ಗುಲಾಮನಿಗೆ ಸ್ಥಾನ ಬದಲಾವಣೆಯಾಯಿತೇ ಎಂಬ ಪ್ರಶ್ನೆಗೆ ಅಲ್ಲಿಯ ಉತ್ತರ: ಇಲ್ಲ, ಏಕೆಂದರೆ ಅವನಿಗೆ ಮೊದಲು ಕಾಪುಟ್ ಇರಲೇ ಇಲ್ಲ. ಉಸಿರಾಡುವ, ದುಡಿಯುವ, ನೋಯುವ ಮನುಷ್ಯನಿಗೆ ಕಾನೂನಿನ ದೃಷ್ಟಿಯಲ್ಲಿ ತಲೆಯೇ ಇರಲಿಲ್ಲ. ಮಧ್ಯಯುಗದ ಇಂಗ್ಲೆಂಡ್ ಇದರ ಇನ್ನೊಂದು ರೂಪ ಕಂಡಿತು. ಕಾನೂನಿನ ರಕ್ಷಣೆಯಿಂದ ಹೊರಹಾಕಿದವನಿಗೆ ಕಾಪುಟ್ ಲುಪೈನಮ್, ತೋಳದ ತಲೆ ಎಂಬ ಹಣೆಪಟ್ಟಿ. ತೋಳವನ್ನು ಕೊಂದಂತೆ ಅವನನ್ನು ಯಾರಾದರೂ ಕೊಲ್ಲಬಹುದಿತ್ತು. ಕಾನೂನಿನಾಚೆಗೆ ದೂಡುವ ಪದ್ಧತಿ ಕಾಲಕ್ರಮೇಣ ಸೌಮ್ಯವಾಯಿತು, ಆದರೆ ಇಂಗ್ಲೆಂಡಿನಲ್ಲಿ ಅದು ಪೂರ್ತಿ ರದ್ದಾದದ್ದು 1938ರಲ್ಲಿ.

ತಲೆ ಎಣಿಸುವ ಕಾನೂನು

ಇದೇ ಪದಕ್ಕೆ ಎಣಿಕೆಯ ಮುಖವೂ ಇದೆ. ಆಸ್ತಿಯಿಲ್ಲದ ರೋಮನ್ನರನ್ನು ಜನಗಣತಿಯಲ್ಲಿ ತಲೆ ಲೆಕ್ಕಕ್ಕಷ್ಟೇ ಸೇರಿಸುತ್ತಿದ್ದರು. ಡಯೊಕ್ಲೀಷಿಯನ್ ಚಕ್ರವರ್ತಿಯ ಕಾಲದ ತೆರಿಗೆಗೆ ಕಾಪಿಟಾಟಿಯೋ ಎಂದು ಹೆಸರು, ತಲೆಗಂದಾಯ. ತಲಾ ಆದಾಯವೆಂದು ನಾವು ದಿನವೂ ಪತ್ರಿಕೆಯಲ್ಲಿ ಓದುವುದು ಪರ್ ಕಾಪಿಟಾ. ದಾದಾಭಾಯಿ ನವರೋಜಿ ಬ್ರಿಟಿಷ್ ಭಾರತದ ತಲಾ ಆದಾಯ ವರ್ಷಕ್ಕೆ 20 ರೂಪಾಯಿ ಎಂದು ಲೆಕ್ಕ ಹಾಕಿ ತೋರಿಸಿದಾಗ ತೆರಿಗೆ ವಸೂಲಿಯ ಆ ಹಳೆಯ ಅಳತೆಗೋಲು ಆಳುವವರನ್ನು ಪ್ರಶ್ನಿಸುವ ಅಸ್ತ್ರವಾಯಿತು.

ಮನೆಮನೆಯ ಆಸ್ತಿ ಪಾಲಿನಲ್ಲೂ ಇದೇ ಪದವಿದೆ. ಒಬ್ಬಾತ ಉಯಿಲು ಬರೆಯದೆ ತೀರಿಕೊಂಡ ಎನ್ನಿ. ಹೆಂಡತಿ, ತಾಯಿ ಇಲ್ಲ. ಒಬ್ಬ ಮಗನಿದ್ದಾನೆ. ಮೊದಲೇ ತೀರಿಕೊಂಡ ಮಗಳಿಗೆ ಮೂವರು ಮಕ್ಕಳಿದ್ದಾರೆ. ಪರ್ ಕಾಪಿಟಾ, ಅಂದರೆ ತಲಾವಾರು ಹಂಚಿದರೆ ನಾಲ್ವರಿಗೂ ಕಾಲುಭಾಗ. ಪರ್ ಸ್ಟರ್ಪೀಸ್, ಅಂದರೆ ಶಾಖಾವಾರು ಹಂಚಿದರೆ ಮಗನಿಗೆ ಅರ್ಧ, ಮಗಳ ಮೂವರು ಮಕ್ಕಳಿಗೆ ಉಳಿದರ್ಧ, ಅಂದರೆ ತಲಾ ಇಡೀ ಆಸ್ತಿಯ ಆರನೇ ಒಂದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 19ನೇ ಕಲಮು, ಬೇರೆಡೆ ಹೇಳಿರದಿದ್ದರೆ ಪಾಲು ತಲಾವಾರು ಎನ್ನುತ್ತದೆ. 10ನೇ ಕಲಮು ಬೇರೆಯಾಗಿ ಹೇಳುತ್ತದೆ: ಮೊದಲೇ ತೀರಿಕೊಂಡ ಮಗ ಅಥವಾ ಮಗಳ ಶಾಖೆಗೆಲ್ಲ ಸೇರಿ ಒಂದೇ ಪಾಲು. ಹಾಗಾಗಿ ಈ ಉದಾಹರಣೆಯಲ್ಲಿ ನಡೆಯುವುದು ಶಾಖಾವಾರು ಲೆಕ್ಕ. ಮುಸ್ಲಿಂ ಕಾನೂನಿನಲ್ಲಿ ತೀರಿಕೊಂಡ ಗಂಡುಮಕ್ಕಳ ಮಕ್ಕಳಿಗೆ ಪಾಲು ಬರುವಾಗ ಹನಫಿ ಪಂಥ ತಲಾವಾರು, ಶಿಯಾ ಪಂಥ ಶಾಖಾವಾರು ನಡೆಯುತ್ತದೆ. ಎರಡು ಲ್ಯಾಟಿನ್ ಪದಗಳ ನಡುವೆ ಒಂದು ಎಕರೆಯೋ ಅರ್ಧ ಎಕರೆಯೋ ತೀರ್ಮಾನವಾಗುತ್ತದೆ. ವಕೀಲರ ಮುಂದೆ ಕೂತ ವಾರಸುದಾರರಿಗೆ ಇದನ್ನು ಕನ್ನಡದಲ್ಲಿ ಬಿಡಿಸಿ ಹೇಳಲು ಅರ್ಧ ಗಂಟೆ ಬೇಡ.

ಕರ್ನಾಟಕಕ್ಕೆ ಅತಿ ಹತ್ತಿರದ ರೂಪ ಕ್ಯಾಪಿಟೇಶನ್ ಶುಲ್ಕ. ತಲೆಗಂದಾಯದ ಈ ಹೆಸರು ವೈದ್ಯಕೀಯ, ಎಂಜಿನಿಯರಿಂಗ್ ಸೀಟಿನ ಬೆಲೆಯಾಗಿ ನಮ್ಮಲ್ಲಿ ಮನೆಮಾತಾಯಿತು. ಅದನ್ನು ನಿಷೇಧಿಸಲು ರಾಜ್ಯ 1984ರಲ್ಲಿ ಕಾಯ್ದೆ ತಂದಿತು. 1989ರ ಸರ್ಕಾರಿ ಅಧಿಸೂಚನೆಯೊಂದು ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000, ರಾಜ್ಯದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿವರೆಗೆ ಶುಲ್ಕಕ್ಕೆ ಅವಕಾಶ ಕೊಟ್ಟಿತು. ಅದನ್ನು ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1992ರಲ್ಲಿ ಈ ಹೆಚ್ಚುವರಿ ಹಣ ಕ್ಯಾಪಿಟೇಶನ್ ಶುಲ್ಕವೇ ಎಂದಿತು, ಶಿಕ್ಷಣದ ಹಕ್ಕು ಬದುಕುವ ಹಕ್ಕಿನಿಂದ ಹುಟ್ಟುತ್ತದೆ ಎಂದೂ ಸಾರಿತು. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಆ ಹಕ್ಕನ್ನು 14 ವರ್ಷದವರೆಗಿನ ಮಕ್ಕಳಿಗೆ ಸೀಮಿತಗೊಳಿಸಿತು. 2002ರ ಸಂವಿಧಾನ ತಿದ್ದುಪಡಿ 6ರಿಂದ 14 ವರ್ಷದ ಮಕ್ಕಳಿಗೆ ಅದನ್ನು ಮೂಲಭೂತ ಹಕ್ಕಾಗಿಸಿತು. ತಲೆಗೆ ಬೆಲೆ ಕಟ್ಟುವ ಪದದ ವಿರುದ್ಧದ ಹೋರಾಟ ಇಡೀ ದೇಶದ ಮಕ್ಕಳ ಶಾಲೆಯ ಬಾಗಿಲಿಗೆ ತಲುಪಿದ್ದು ನಮ್ಮ ನೆಲದಿಂದ.

ತಲೆ ಮತ್ತು ಸಾವು

ಮರಣದಂಡನೆಗೆ ಇಂಗ್ಲಿಷಿನಲ್ಲಿ ಕ್ಯಾಪಿಟಲ್ ಶಿಕ್ಷೆ ಎನ್ನುವುದು ರೋಮನ್ನರ ಪೀನಾ ಕಾಪಿಟಿಸ್‌ನಿಂದ. ರೋಮ್‌ನಲ್ಲಿ ಅದು ಬರೀ ಶಿರಚ್ಛೇದವಲ್ಲ, ಪೌರತ್ವ ಕಳೆಯುವ ಗಡೀಪಾರೂ ಅದರಲ್ಲಿ ಸೇರಿತ್ತು. ತಲೆ ಹೋಗುವುದೆಂದರೆ ಜೀವ ಹೋಗಬಹುದು, ಸ್ಥಾನ ಹೋಗಬಹುದು. ನಮ್ಮಲ್ಲಿ ಇಂದು ಅದರ ಅರ್ಥ ಒಂದೇ. 1980ರ ಬಚನ್ ಸಿಂಗ್ ತೀರ್ಪಿನ ನಂತರ ಅದು ಅಪರೂಪದಲ್ಲಿ ಅಪರೂಪದ ಪ್ರಕರಣಗಳಿಗೆ ಮೀಸಲು.

ಗಾಯದ ಕಾನೂನಿನಲ್ಲಿ ವೈದ್ಯರೂ ಪೊಲೀಸರೂ ಒಂದೇ ಕಾಗದದ ಮೇಲೆ ಸೇರುತ್ತಾರೆ. 1860ರ ದಂಡಸಂಹಿತೆಯ 320ನೇ ಕಲಮಿನಲ್ಲೂ ಈಗಿನ ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮಿನಲ್ಲೂ ತಲೆ ಅಥವಾ ಮುಖದ ಶಾಶ್ವತ ವಿರೂಪ ತೀವ್ರ ಗಾಯದ ಪಟ್ಟಿಯಲ್ಲಿದೆ. ಮೂಳೆ ಅಥವಾ ಹಲ್ಲು ಮುರಿದರೂ ಹಾಗೆಯೇ. ಗಾಯದ ಪ್ರಮಾಣಪತ್ರದಲ್ಲಿ ವೈದ್ಯರು ಬರೆಯುವ ಒಂದು ಅಂಗರಚನೆಯ ಪದ ಆರೋಪಿಯ ಶಿಕ್ಷೆಯ ವರ್ಷಗಳನ್ನು ಬದಲಿಸಬಲ್ಲದು.

ಮೂರೂ ಶಾಸ್ತ್ರಗಳು ಒಂದೇ ಬಿಂದುವಿನಲ್ಲಿ ಕೂಡುವುದು ಮಿದುಳುಕಾಂಡದ ಸಾವಿನಲ್ಲಿ. ಅಂಗರಚನೆ ಈ ಕಾಂಡವನ್ನು ಟ್ರಂಕಸ್ ಎನ್ಸೆಫಲಿ ಎನ್ನುತ್ತದೆ, ಲ್ಯಾಟಿನ್ ಕಾಂಡ, ಗ್ರೀಕ್ ಮಿದುಳು. ಉಸಿರಾಟದ ಕೇಂದ್ರ ಅಲ್ಲಿದೆ. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ಮಿದುಳುಕಾಂಡದ ಎಲ್ಲ ಕೆಲಸವೂ ಮರಳಿ ಬಾರದಂತೆ ನಿಂತರೆ ಅದು ಸಾವು, ಯಂತ್ರದ ನೆರವಿನಿಂದ ಹೃದಯ ಬಡಿಯುತ್ತಿದ್ದರೂ ಸರಿ. ನಾಲ್ವರು ವೈದ್ಯರ ಮಂಡಳಿ ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಸಹಿ ಹಾಕಬೇಕು. ಕರ್ನಾಟಕದಲ್ಲಿ ಆನಂತರದ ಅಂಗಾಂಗ ಹಂಚಿಕೆಯನ್ನು ನೋಡಿಕೊಳ್ಳುವುದು ಜೀವಸಾರ್ಥಕತೆ ಸಂಸ್ಥೆ.

ಈ ಹೊತ್ತಿನಲ್ಲಿ ತೀವ್ರ ನಿಗಾ ಘಟಕದ ಹೊರಗಿರುವ ಮನೆಯವರಿಗೆ ಅರ್ಥವಾಗದ ಪದಗಳಲ್ಲಿ ಮಾತಾಡಿ ಒಪ್ಪಿಗೆ ಕೇಳುವುದು ಸಲ್ಲದು. ಎದೆ ಏರಿಳಿಯುತ್ತಿದೆ, ಮೈ ಬಿಸಿ ಇದೆ, ಆದರೂ ಸಾವು ಎನ್ನುತ್ತಾರಲ್ಲ ಎಂಬ ಅವರ ಪ್ರಶ್ನೆ ಅತ್ಯಂತ ನ್ಯಾಯವಾದದ್ದು. ಉಸಿರಾಟ ನಡೆಸುವ ಮಿದುಳಿನ ಭಾಗ ಸತ್ತಿದೆ, ಎದೆಯನ್ನು ಏರಿಳಿಸುತ್ತಿರುವುದು ಯಂತ್ರ, ಇದು ಕೋಮಾ ಅಲ್ಲ, ಇಲ್ಲಿಂದ ಯಾರೂ ಮರಳುವುದಿಲ್ಲ ಎಂದು ನಾಲ್ಕು ವಾಕ್ಯಗಳಲ್ಲಿ ಹೇಳಲು ಕನ್ನಡಕ್ಕೆ ಎಲ್ಲ ಶಕ್ತಿಯೂ ಇದೆ.

ಮುಂದೇನು

ಲ್ಯಾಟಿನ್ ಪದಗಳನ್ನು ಓಡಿಸಬೇಕೆಂಬ ವಾದ ನನ್ನದಲ್ಲ. ಮೈಸೂರಿನ ವೈದ್ಯರು ಬರೆದ ವರದಿಯನ್ನು ಮ್ಯೂನಿಕ್‌ನ ವೈದ್ಯರು ತಪ್ಪಿಲ್ಲದೆ ಓದಬೇಕಾದರೆ ಅಂಗರಚನೆಗೆ ಒಂದೇ ಪಟ್ಟಿ ಬೇಕು. 2022ರಲ್ಲಿ ಮಧ್ಯಪ್ರದೇಶ ಎಂಬಿಬಿಎಸ್ ಪಠ್ಯವನ್ನು ಹಿಂದಿಗೆ ತಂದಾಗಲೂ ಪರಿಭಾಷೆಯ ಬಹುಪಾಲನ್ನು ಹಾಗೆಯೇ ದೇವನಾಗರಿಯಲ್ಲಿ ಉಳಿಸಿಕೊಂಡಿತು. ವಿವರಣೆ ಜನರ ಭಾಷೆಯಲ್ಲಿ, ಹೆಸರು ಎಲ್ಲರ ಭಾಷೆಯಲ್ಲಿ ಎಂಬ ಆ ದಾರಿ ಕನ್ನಡಕ್ಕೂ ಒಗ್ಗುತ್ತದೆ. ವಿದ್ಯಾರ್ಥಿಗೆ ಕಾಪುಟ್ ಎಂದರೇನು ಎಂದು ಮೊದಲ ದಿನವೇ ಕನ್ನಡದಲ್ಲಿ ಹೇಳಿಕೊಟ್ಟರೆ ನೂರಾರು ಹೆಸರುಗಳ ಬಾಯಿಪಾಠದ ಹೊರೆ ಇಳಿಯುತ್ತದೆ.

ಕಾನೂನಿನ ವಿಷಯದಲ್ಲಿ ಬೇಡಿಕೆ ಇನ್ನೂ ಗಟ್ಟಿಯಾಗಿರಬೇಕು. ಹೈಕೋರ್ಟಿನ ಭಾಷೆ ಇಂಗ್ಲಿಷ್ ಆಗಿರುವವರೆಗೂ ಪರ್ ಕಾಪಿಟಾ, ಪ್ರೈಮಾ ಫೇಸಿಗಳು ಉಳಿಯುತ್ತವೆ. ಆದರೆ ಪಾಲುಪತ್ರಕ್ಕೆ, ಗಾಯದ ಪ್ರಮಾಣಪತ್ರಕ್ಕೆ, ಅಂಗಾಂಗ ದಾನದ ಒಪ್ಪಿಗೆಗೆ ರುಜು ಹಾಕುವವರು ಆ ಪದದಿಂದ ತಮಗೇನಾಗುತ್ತದೆ ಎಂದು ತಿಳಿದೇ ರುಜು ಹಾಕಬೇಕು. ಅರ್ಥವಾಗದ ಪದದ ಕೆಳಗೆ ಹಾಕಿಸಿಕೊಂಡ ರುಜುವನ್ನು ಒಪ್ಪಿಗೆ ಎನ್ನಲಾಗದು. ರೋಮ್ ತನ್ನ ಗುಲಾಮರಿಗೆ ಕಾಪುಟ್ ಕೊಡಲಿಲ್ಲ. ನಮ್ಮ ಸಂವಿಧಾನ ಪ್ರತಿಯೊಬ್ಬರಿಗೂ ಕೊಟ್ಟಿದೆ. ಅದನ್ನು ಮಾತಿನಲ್ಲೂ ನಡೆಸಿಕೊಡುವ ಹೊಣೆ ಆ ಪದಗಳನ್ನು ಬಲ್ಲ ವೈದ್ಯರ ಮೇಲಿದೆ, ವಕೀಲರ ಮೇಲಿದೆ.